196 ಅಕ್ಷರದ ಮಚ್ಚೆ

ಕುಣಿಗಲ್‌ ಸೀಮೆಯ ಹುತ್ರಿದುರ್ಗದ ತಪ್ಪಲಿನ ಊರುಗಳಲ್ಲಿ ಹಲಸು ಕೊಯ್ದ ಮನೆಯ ಹಿತ್ತಿಲಿಗೆ ಹೋದರೆ, ತೊಳೆ ಬಿಡಿಸಿ ಎಸೆದ ಸಿಪ್ಪೆಯ ಮೇಲೆ ಸಣ್ಣ ನೊಣಗಳು ಎದ್ದು ಕೂರುತ್ತಿರುತ್ತವೆ. ಊರಿನವರು ಇಂಥವನ್ನೆಲ್ಲ ಒಟ್ಟಾಗಿ ಗುಂಗುರು ಎಂದುಬಿಡುತ್ತಾರೆ. ಇವುಗಳಲ್ಲಿ ಹಣ್ಣಿನ ಹುಳಿಗೆ ಬರುವ ಜಾತಿಗಳ ವೈಜ್ಞಾನಿಕ ಹೆಸರು ಡ್ರೊಸೊಫಿಲ. ಉದ್ದ 2ರಿಂದ 3 ಮಿಲಿಮೀಟರ್, ತೂಕ ಸುಮಾರು 1 ಮಿಲಿಗ್ರಾಂ. ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸಿನ ಒಂದು ಹಣ್ಣು ಸರಾಸರಿ ಎರಡೂವರೆ ಕಿಲೋ ತೂಗುತ್ತದೆ. ತಕ್ಕಡಿಯಲ್ಲಿ ಅದಕ್ಕೆ ಸರಿದೂಗಲು 25 ಲಕ್ಷ ನೊಣ ಬೇಕು.

ಈ 1 ಮಿಲಿಗ್ರಾಂ ದೇಹವನ್ನು ಕಟ್ಟುವ ಡಿಎನ್‌ಎ ಬರಹದ ಉದ್ದ ಸುಮಾರು 18 ಕೋಟಿ ಅಕ್ಷರ. ಪುಟಕ್ಕೆ 2,000 ಅಕ್ಷರದಂತೆ ಅಚ್ಚು ಹಾಕಿಸಿದರೆ 90,000 ಪುಟ, ಅಂದರೆ 300 ಪುಟದ 300 ಸಂಪುಟ. ಈ ವರದಿಯ ಮುಂದಿನ ಲೆಕ್ಕವೆಲ್ಲ ಇದೇ ಪುಟದ ಅಳತೆಯಲ್ಲಿದೆ. ಪ್ರಶ್ನೆ ಇಷ್ಟೇ: ಒಂದು ಜಾತಿಯ ನೊಣದ ಮೈ ಇನ್ನೊಂದಕ್ಕಿಂತ ಬೇರೆಯಾಗಿ ಕಾಣಬೇಕಾದರೆ ಎಷ್ಟು ಪುಟ ತಿದ್ದಬೇಕು?

ಜೀನುಗಳ ಎಣಿಕೆಯಿಂದ ಉತ್ತರ ಸಿಗುವುದಿಲ್ಲ. ಡ್ರೊಸೊಫಿಲ ಮೆಲನೊಗ್ಯಾಸ್ಟರ್‌ ನೊಣದ ಡಿಎನ್‌ಎ ಬರಹ 2000ನೇ ಇಸವಿಯ ಮಾರ್ಚ್‌ನಲ್ಲಿ ಪ್ರಕಟವಾದಾಗ ಲೆಕ್ಕಕ್ಕೆ ಸಿಕ್ಕ ಜೀನುಗಳು ಸುಮಾರು 13,600. ಮನುಷ್ಯನಲ್ಲಿ ಪ್ರೋಟೀನು ತಯಾರಿಸುವ ಜೀನುಗಳು ಸುಮಾರು 20,000. ನೊಣದ ಒಂದೂವರೆ ಪಟ್ಟು. ಸಿ. ಎಲೆಗನ್ಸ್‌ ಎಂಬ ದುಂಡುಹುಳುವಿನ ಮೈಯಲ್ಲಿರುವುದು 959 ಜೀವಕೋಶ, ಜೀನುಗಳು ಮಾತ್ರ ಹತ್ತಿರಹತ್ತಿರ ಮನುಷ್ಯನಷ್ಟೇ. ಇಟ್ಟಿಗೆಗಳ ಸಂಖ್ಯೆ ಹೇಳಿದರೆ ಮನೆಯ ನಕ್ಷೆ ತಿಳಿಯುವುದಿಲ್ಲ.

ನಕ್ಷೆ ಇರುವುದು ಯಾವ ಜೀನು ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡಬೇಕು ಎನ್ನುವ ಆದೇಶದಲ್ಲಿ. ಆ ಆದೇಶವೂ ಡಿಎನ್‌ಎಯಲ್ಲೇ ಬರೆದಿರುತ್ತದೆ, ಆದರೆ ಅದರಿಂದ ಪ್ರೋಟೀನು ತಯಾರಾಗುವುದಿಲ್ಲ. ಇಂಥ ತುಣುಕಿಗೆ ಎನ್‌ಹ್ಯಾನ್ಸರ್‌ ಎಂದು ಹೆಸರು. ಇಲ್ಲಿ ಸ್ವಿಚ್ಚು ಎನ್ನೋಣ. ಬೇರೆ ಪ್ರೋಟೀನುಗಳು ಬಂದು ಸ್ವಿಚ್ಚಿಗೆ ಅಂಟಿಕೊಂಡಾಗ ಪಕ್ಕದ ಜೀನು ಹೊತ್ತಿಕೊಳ್ಳುತ್ತದೆ ಅಥವಾ ಆರುತ್ತದೆ. ಒಂದು ಜೀನಿಗೆ ಹಲವು ಸ್ವಿಚ್ಚುಗಳಿರುವುದು ಸಾಮಾನ್ಯ: ರೆಕ್ಕೆಗೊಂದು, ಹೊಟ್ಟೆಗೊಂದು, ಕೂದಲಿಗೊಂದು.

ಸ್ವಿಚ್ಚು ಕೆಲಸ ಮಾಡುವ ಬಗೆಗೆ ಹೆಚ್ಚು ಅಳತೆಗೆ ಸಿಕ್ಕಿರುವ ಉದಾಹರಣೆ ಈವನ್‌-ಸ್ಕಿಪ್ಡ್‌ ಎಂಬ ಜೀನಿನದು. ನೊಣದ ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ. ಇಟ್ಟ ಮೂರು ಗಂಟೆಯೊಳಗೆ ಅದರೊಳಗಿನ ಒಂದು ಕೋಶಕೇಂದ್ರ 13 ಬಾರಿ ಇಬ್ಭಾಗವಾಗಿ, ಸುಮಾರು 6,000 ಕೇಂದ್ರಗಳು ಮೇಲ್ಪದರದಲ್ಲಿ ಸಾಲುಗಟ್ಟುತ್ತವೆ. ಆಗ ಈ ಜೀನು 7 ಪಟ್ಟೆಗಳಾಗಿ ಹೊತ್ತಿಕೊಳ್ಳುತ್ತದೆ. ಮುಂದೆ ಮೈ ಖಂಡಖಂಡವಾಗುವುದಕ್ಕೆ ಇದು ಗೆರೆ ಹಾಕಿಕೊಟ್ಟಂತೆ. ಏಳರಲ್ಲಿ ಎರಡನೆಯ ಪಟ್ಟೆಗೇ ಪ್ರತ್ಯೇಕ ಸ್ವಿಚ್ಚಿದೆ. ಉದ್ದ 480 ಅಕ್ಷರ, ಕಾಲು ಪುಟ. ಅಷ್ಟರೊಳಗೆ ಪ್ರೋಟೀನು ಬಂದು ಕೂರುವ ಜಾಗಗಳು ಕನಿಷ್ಠ 12. ಕೂರುವ ಪ್ರೋಟೀನುಗಳು 4: ಬೈಕಾಯ್ಡ್‌ ಮತ್ತು ಹಂಚ್‌ಬ್ಯಾಕ್‌ ಜೀನನ್ನು ಹೊತ್ತಿಸುತ್ತವೆ, ಜೈಂಟ್‌ ಮತ್ತು ಕ್ರ್ಯುಪೆಲ್‌ ಆರಿಸುತ್ತವೆ. ಹೊತ್ತಿಸುವವು ಇದ್ದು ಆರಿಸುವವು ಇಲ್ಲದ ಕಿರಿದಾದ ಪಟ್ಟಿಯಲ್ಲಿ ಮಾತ್ರ ಎರಡನೆಯ ಗೆರೆ ಮೂಡುತ್ತದೆ.

ಈ ಕಾಲು ಪುಟ ಕಾಲಾಂತರದಲ್ಲಿ ತಿದ್ದುಪಡಿಯಾಗುತ್ತಲೇ ಬಂದಿದೆ. ಡ್ರೊಸೊಫಿಲ ಸ್ಯೂಡೊಅಬ್‌ಸ್ಕ್ಯುರ ಎಂಬ ದೂರದ ಸಂಬಂಧಿಯಲ್ಲಿ ಅದೇ ಸ್ವಿಚ್ಚಿನ ಬರಹ ಬೇರೆ, ಮೂಡಿಸುವ ಪಟ್ಟೆ ಒಂದೇ. 2000ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂದು ಜಾತಿಯ ಸ್ವಿಚ್ಚಿನ ಮೊದಲರ್ಧಕ್ಕೆ ಇನ್ನೊಂದರ ಕೊನೆಯರ್ಧ ಜೋಡಿಸಿದರು. ಇಡಿಯಾಗಿದ್ದಾಗ ಎರಡೂ ಸರಿಯಾಗಿ ಬರೆಯುತ್ತಿದ್ದ ಗೆರೆ ಕದಡಿಹೋಯಿತು. ಒಂದು ಕಡೆ ಆದ ತಪ್ಪನ್ನು ಇನ್ನೊಂದು ಕಡೆಯ ತಿದ್ದುಪಡಿ ಸರಿದೂಗಿಸುತ್ತ ಬಂದಿದೆ ಎನ್ನುವುದು ಇದರ ಅರ್ಥ. ಮೈ ಬದಲಾಗದೆ ಉಳಿಯುವುದಕ್ಕೂ ಇಷ್ಟು ತಿದ್ದುಪಡಿ ನಡೆದಿರುತ್ತದೆ.

ಆದೇಶಕ್ಕೂ ಸರಕಿಗೂ ಇರುವ ಪ್ರಮಾಣವನ್ನು ಕಾಣಬೇಕಾದರೆ ಬೈಥೊರಾಕ್ಸ್‌ ಎಂಬ ಜೀನುಗಳ ಗುಂಪನ್ನು ನೋಡಬೇಕು. ನೊಣದ ಎದೆಯ ಹಿಂಭಾಗ ಮತ್ತು ಹೊಟ್ಟೆಯ ಖಂಡಗಳಿಗೆ ಗುರುತು ಕೊಡುವ ಈ ಗುಂಪಿನ ಉದ್ದ ಸುಮಾರು 3 ಲಕ್ಷ ಅಕ್ಷರ, 150 ಪುಟ. ಅದರಲ್ಲಿ ಪ್ರೋಟೀನು ತಯಾರಿಸುವ ಜೀನುಗಳು 3 ಮಾತ್ರ, ಪ್ರೋಟೀನಿನ ಬರಹ ಶೇ 2ಕ್ಕಿಂತ ಕಡಿಮೆ, 3 ಪುಟದೊಳಗೆ ಮುಗಿಯುತ್ತದೆ. ಉಳಿದದ್ದರಲ್ಲಿ ಖಂಡಕ್ಕೊಂದರಂತೆ ಆದೇಶದ ವಿಭಾಗಗಳು ಸಾಲಾಗಿ ಇವೆ, ಅದೂ ಮೈಯಲ್ಲಿ ಖಂಡಗಳಿರುವ ಕ್ರಮದಲ್ಲೇ. ಎಡ್ವರ್ಡ್‌ ಲೂಯಿಸ್‌ ಇದನ್ನು 1978ರಲ್ಲಿ ವಿವರಿಸಿದರು. 1980ರಲ್ಲಿ ಕ್ರಿಸ್ಟಿಯಾನೆ ನ್ಯುಸ್ಲೈನ್‌-ಫೋಲ್ಹಾರ್ಡ್‌ ಮತ್ತು ಎರಿಕ್‌ ವೀಷೌಸ್‌ ಖಂಡ ವಿಭಜನೆಯ 15 ಜೀನುಗಳನ್ನು ಪಟ್ಟಿ ಮಾಡಿದರು. 1995ರ ನೊಬೆಲ್‌ ಮೂವರಿಗೂ ಬಂತು.

ಮೂರು ಜೀನುಗಳಲ್ಲಿ ಒಂದಾದ ಅಲ್ಟ್ರಾಬೈಥೊರಾಕ್ಸ್‌ 77,000 ಅಕ್ಷರ, 38 ಪುಟ. ಅದರ ಪ್ರೋಟೀನಿಗೆ ಬೇಕಾದ ಬರಹ 1,200 ಅಕ್ಷರದೊಳಗೆ, ಮುಕ್ಕಾಲು ಪುಟವೂ ಇಲ್ಲ. ಜೀವಕೋಶ ಆ 38 ಪುಟವನ್ನು ಒಮ್ಮೆ ನಕಲು ತೆಗೆಯಲು ಒಂದು ಗಂಟೆಯ ಹತ್ತಿರ ಹಿಡಿಯುತ್ತದೆ. ಮೊಟ್ಟೆಯಿಂದ ಮರಿಹುಳು ಬರಲು 24 ಗಂಟೆ ಸಾಕು ಎನ್ನುವ ಪ್ರಾಣಿಗೆ ಇದು ಶೇ 4ರಷ್ಟು ಹೊತ್ತು.

ಈ ಜೀನಿನ ಕೆಲಸ ಕುಣಿಗಲ್‌ ಸೀಮೆಯ ರೇಷ್ಮೆ ಸಾಕಣೆ ಮನೆಯಲ್ಲೇ ಕಣ್ಣಿಗೆ ಬೀಳುತ್ತದೆ. ರೇಷ್ಮೆಹುಳುವಿನ ಮೇಲೆ ಮೊಟ್ಟೆಯಿಟ್ಟು ಬೆಳೆ ಕೆಡಿಸುವ ಊಜಿ ನೊಣಕ್ಕೆ ರೆಕ್ಕೆ 2. ಗೂಡು ಒಡೆದು ಬರುವ ರೇಷ್ಮೆ ಪತಂಗಕ್ಕೆ ರೆಕ್ಕೆ 4. (ಮಾವಿಗೆ ಬೀಳುವ ನೊಣವನ್ನೂ ರೈತರು ಊಜಿ ಎಂದೇ ಕರೆಯುತ್ತಾರೆ. ಅದು ಬೇರೆ ಕುಟುಂಬ, ಹಲಸಿನ ಸಿಪ್ಪೆಯ ಗುಂಗುರು ಮತ್ತೂ ಬೇರೆ. ರೆಕ್ಕೆ ಮಾತ್ರ ಮೂರಕ್ಕೂ ಎರಡೇ.) ನೊಣಗಳಲ್ಲಿ ಹಿಂದಿನ ಜೋಡಿ ರೆಕ್ಕೆಯ ಜಾಗದಲ್ಲಿ ಗುಂಡುಪಿನ್ನಿನಂಥ ಒಂದು ಜೋಡಿ ಅಂಗವಿದೆ, ಹೆಸರು ಹಾಲ್ಟಿಯರ್‌. ಡ್ರೊಸೊಫಿಲ ಸೆಕೆಂಡಿಗೆ ಸುಮಾರು 200 ಬಾರಿ ರೆಕ್ಕೆ ಬಡಿಯುವಾಗ ಅದೇ ವೇಗದಲ್ಲಿ ಇದೂ ಅಲುಗಿ ಹಾರಾಟದ ಸಮತೋಲ ಕಾಯುತ್ತದೆ. ಅಲ್ಲಿ ರೆಕ್ಕೆ ಬೆಳೆಯದಂತೆ ತಡೆಯುವುದು ಅಲ್ಟ್ರಾಬೈಥೊರಾಕ್ಸ್‌. ಈ ಜೀನಿನ ಆದೇಶ ಭಾಗದಲ್ಲಿನ 3 ಕೆಡುಕುಗಳನ್ನು ಒಂದೇ ನೊಣದಲ್ಲಿ ಸೇರಿಸಿ ಲೂಯಿಸ್‌ 4 ರೆಕ್ಕೆಯ ನೊಣ ಪಡೆದಿದ್ದರು.

ಹಾಗಾದರೆ ಪತಂಗದಲ್ಲಿ ಆ ಜೀನಿಲ್ಲವೇ? ಇದೆ, ಹಿಂದಿನ ರೆಕ್ಕೆಯಲ್ಲೇ ಕೆಲಸ ಮಾಡುತ್ತಿದೆ, ಆದರೂ ರೆಕ್ಕೆ ಬೆಳೆಯುತ್ತದೆ. ಜೀವವಿಜ್ಞಾನಿ ಎಲ್‌.ಎಸ್‌. ಶಶಿಧರ ಅವರು ಹೈದರಾಬಾದಿನ ಸಿಸಿಎಂಬಿ, ಆಮೇಲೆ ಪುಣೆಯ ಐಸರ್‌ ಸಂಶೋಧನಾ ಸಂಸ್ಥೆಗಳಲ್ಲಿ ಹಲವು ವರ್ಷ ಕೈಗೆತ್ತಿಕೊಂಡ ಪ್ರಶ್ನೆ ಇದು. 2008ರಲ್ಲಿ ಅವರಿಗೆ ಭಟ್ನಾಗರ್‌ ಪ್ರಶಸ್ತಿ ಬಂತು. 2016ರಲ್ಲಿ ಅವರ ತಂಡ 3 ಕೀಟಗಳನ್ನು ಹೋಲಿಸಿ ಫಲಿತಾಂಶ ಪ್ರಕಟಿಸಿತು: ಡ್ರೊಸೊಫಿಲ, ಜೇನುಹುಳು, ರೇಷ್ಮೆ ಪತಂಗ. ಮೊದಲ ಪರೀಕ್ಷೆ ಪ್ರೋಟೀನಿನದು. ಜೇನು ಮತ್ತು ರೇಷ್ಮೆಯ ಅಲ್ಟ್ರಾಬೈಥೊರಾಕ್ಸನ್ನು ನೊಣದೊಳಗೆ ಹೆಚ್ಚು ಪ್ರಮಾಣದಲ್ಲಿ ತಯಾರಾಗುವಂತೆ ಮಾಡಿದಾಗ ಅವೂ ನೊಣದ ರೆಕ್ಕೆಯನ್ನು ಅದುಮಿದವು. ಅಂದರೆ ಪ್ರೋಟೀನಿನ ಕಸುವು ಮೂರರಲ್ಲೂ ಇದೆ. ಎರಡನೆಯದು, ಆ ಪ್ರೋಟೀನು ಯಾವ ಯಾವ ಜೀನುಗಳ ಬಳಿ ಹೋಗಿ ಕೂರುತ್ತದೆ ಎನ್ನುವ ಪಟ್ಟಿ. ಪಟ್ಟಿಯ ಬಹುಪಾಲು ಕೀಟದಿಂದ ಕೀಟಕ್ಕೆ ಬೇರೆಯಿತ್ತು. ಆದರೆ ರೆಕ್ಕೆ ರೂಪಿಸುವ ಗಣನೀಯ ಸಂಖ್ಯೆಯ ಜೀನುಗಳು 30 ಕೋಟಿ ವರ್ಷಗಳಿಂದ ಮೂರೂ ಪಟ್ಟಿಗಳಲ್ಲಿ ಉಳಿದುಕೊಂಡಿದ್ದವು. ಅವುಗಳಲ್ಲಿ ಅನೇಕವು ನೊಣದ ರೆಕ್ಕೆ ಮತ್ತು ಹಾಲ್ಟಿಯರ್‌ ನಡುವೆ ಬೇರೆಬೇರೆ ಪ್ರಮಾಣದಲ್ಲಿ ಕೆಲಸ ಮಾಡುತ್ತವೆ. ಜೇನು, ಪತಂಗಗಳ ಮುಂದಿನ ಹಿಂದಿನ ರೆಕ್ಕೆಗಳ ನಡುವೆ ಆ ವ್ಯತ್ಯಾಸವಿಲ್ಲ. ಅಧಿಕಾರಿ ಅವನೇ, ಕಚೇರಿಗಳೂ ಅವೇ, ಅವನ ಸಹಿಗೆ ಸಿಗುವ ಬೆಲೆ ಮಾತ್ರ ಬೇರೆ. ಬದಲಾವಣೆಯ ಒಂದು ಪಾಲು ಆ ಜೀನುಗಳ ಸ್ವಿಚ್ಚಿನ ಬರಹದಲ್ಲಿದೆ ಎಂಬ ಸೂಚನೆ ತಂಡಕ್ಕೆ ಸಿಕ್ಕಿತು.

ಇನ್ನು ಪುಟದ ಲೆಕ್ಕದಲ್ಲಿ ಅತಿ ಸಣ್ಣ ತಿದ್ದುಪಡಿ, ಮೈಸೂರಿಗೆ ಸಂಬಂಧಿಸಿದ್ದು. 1968ರಲ್ಲಿ ಮೈಸೂರು ವಿಶ್ವವಿದ್ಯಾಲಯದ ರೆಡ್ಡಿ ಮತ್ತು ಕೃಷ್ಣಮೂರ್ತಿ ಹೊಸ ಜಾತಿಯ ನೊಣವೊಂದನ್ನು ವಿವರಿಸಿ, ಅಲ್ಲಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ರಾಜಶೇಖರಶೆಟ್ಟಿ ಅವರ ಹೆಸರಿನಲ್ಲಿ ಡ್ರೊಸೊಫಿಲ ರಾಜಶೇಖರಿ ಎಂದು ಕರೆದರು. ಅದೇ ನೊಣವನ್ನು 44 ವರ್ಷ ಮೊದಲೇ, 1924ರಲ್ಲಿ, ಮ್ಯಾಲಕ್‌ ಎಂಬಾತ ಕೊಯಮತ್ತೂರಿನ ಮಾದರಿಗಳಿಂದ ಡ್ರೊಸೊಫಿಲ ಬೈಯಾರ್ಮಿಪಿಸ್‌ ಎಂದು ಹೆಸರಿಸಿದ್ದ ಸಂಗತಿ ಆಮೇಲೆ ಇತ್ಯರ್ಥವಾಯಿತು. ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬುದು ನಿಯಮ. ಮೈಸೂರಿನ ಹೆಸರು ಪರ್ಯಾಯನಾಮಗಳ ಪಟ್ಟಿಗೆ ಸರಿಯಿತು. ನಿಯಮ ಸರಿಯೇ, ಆದರೂ ಎರಡರಲ್ಲಿ ನಾಲಿಗೆಗೆ ಸುಲಭವಾದದ್ದು ಹೋಯಿತು.

ಈ ಜಾತಿಯ ಗಂಡಿನ ರೆಕ್ಕೆಯ ತುದಿಯಲ್ಲಿ ಒಂದು ಕಪ್ಪು ಮಚ್ಚೆ ಇದೆ. ಹೆಣ್ಣಿಗಿಲ್ಲ. ಗಂಡು ಹೆಣ್ಣಿನೆದುರು ನಿಂತು ರೆಕ್ಕೆ ಹರಡಿ ಅದನ್ನು ತೋರಿಸುತ್ತದೆ. ಮೆಲನೊಗ್ಯಾಸ್ಟರ್‌ ಗಂಡಿನ ರೆಕ್ಕೆ ಸಾದಾ. ಕಪ್ಪು ಬಣ್ಣಕ್ಕೆ ಬೇಕಾದ ಯೆಲ್ಲೊ ಎಂಬ ಪ್ರೋಟೀನು ಎರಡೂ ಜಾತಿಗಳಲ್ಲಿದೆ. ಮೆಲನೊಗ್ಯಾಸ್ಟರ್‌ನಲ್ಲಿ ಅದು 541 ಅಮೈನೊ ಆಮ್ಲಗಳ ಸರಪಳಿ, ಬರಹದಲ್ಲಿ 1,623 ಅಕ್ಷರ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಶಾನ್‌ ಕ್ಯಾರಲ್‌ ಅವರ ಪ್ರಯೋಗಾಲಯ 2005ರಲ್ಲಿ ತೋರಿಸಿದ್ದು, ವ್ಯತ್ಯಾಸ ಆ 1,623 ಅಕ್ಷರಗಳಲ್ಲಿಲ್ಲ, ರೆಕ್ಕೆಯ ಸ್ವಿಚ್ಚಿನಲ್ಲಿದೆ ಎನ್ನುವುದನ್ನು. ಸಾದಾ ನೊಣದಲ್ಲಿ ಸ್ವಿಚ್ಚು ಯೆಲ್ಲೊ ಪ್ರೋಟೀನನ್ನು ರೆಕ್ಕೆಯ ತುಂಬ ತೆಳ್ಳಗೆ ಬಳಿಯುತ್ತದೆ. ಮಚ್ಚೆಯ ನೊಣದಲ್ಲಿ ತುದಿಗೆ ಒತ್ತಿ ಹಚ್ಚುತ್ತದೆ. ಮಚ್ಚೆಯ ಆಕಾರವನ್ನು ಹಿಡಿದಿರುವ ತುಣುಕನ್ನು ಕತ್ತರಿಸುತ್ತ ಹೋದಾಗ ಉಳಿದ ಉದ್ದ 196 ಅಕ್ಷರ. ಯೆಲ್ಲೊ ಪ್ರೋಟೀನಿನ ಬರಹಕ್ಕೆ ಹೋಲಿಸಿದರೆ ಶೇ 12. ನಮ್ಮ ಪುಟದಲ್ಲಿ ಮೂರು ಸಾಲು. 18 ಕೋಟಿಯಲ್ಲಿ 9 ಲಕ್ಷಕ್ಕೆ ಒಂದು ಪಾಲಿಗಿಂತಲೂ ಕಡಿಮೆ. (ಯೆಲ್ಲೊ ಒಂದರಿಂದಲೇ ಮಚ್ಚೆ ಪೂರ್ಣವಾಗುವುದಿಲ್ಲ; ಅದೇ ಜಾಗದಲ್ಲಿ ಎಬೊನಿ ಎಂಬ ಇನ್ನೊಂದು ಜೀನು ತಗ್ಗಬೇಕು.)

ಪ್ರೋಟೀನನ್ನೇ ತಿದ್ದುವ ದಾರಿ ದುಬಾರಿ. ಯೆಲ್ಲೊ ಜೀನು ಕೆಟ್ಟ ಗಂಡುನೊಣಗಳಿಗೆ ಜೋಡಿ ಸಿಗುವುದು ಕಷ್ಟ ಎಂದು ತಳಿವಿಜ್ಞಾನಿ ಸ್ಟರ್ಟವಂಟ್‌ 1915ರಲ್ಲೇ ಬರೆದಿದ್ದರು. ಕಾರಣ ಖಚಿತವಾದದ್ದು 104 ವರ್ಷದ ಮೇಲೆ, 2019ರಲ್ಲಿ: ಗಂಡಿನ ಮುಂಗಾಲಿನಲ್ಲಿ ಹೆಣ್ಣನ್ನು ಹಿಡಿಯಲು ಇರುವ ಬಾಚಣಿಗೆಯಂಥ ಕೂದಲಿಗೂ ಇದೇ ಬಣ್ಣ ಬೇಕು. ಬಣ್ಣ ಹತ್ತದಿದ್ದರೆ ಹಿಡಿತವಿಲ್ಲ. ಒಂದು ಪ್ರೋಟೀನು ಮೈಯ ಹಲವು ಕಡೆ ದುಡಿಯುತ್ತಿರುವಾಗ ಅದನ್ನು ಮುಟ್ಟಿದರೆ ಎಲ್ಲ ಕಡೆಯೂ ನಷ್ಟ. ರೆಕ್ಕೆಯ ಸ್ವಿಚ್ಚು ಮುಟ್ಟಿದರೆ ಲೆಕ್ಕ ರೆಕ್ಕೆಗೇ ಮುಗಿಯುತ್ತದೆ. 2006ರ ಮುಂದಿನ ಅಧ್ಯಯನದಲ್ಲಿ ದೂರದ ವಂಶದ ಡ್ರೊಸೊಫಿಲ ಟ್ರಿಸ್ಟಿಸ್‌ ಕೂಡ ಯೆಲ್ಲೊ ಜೀನಿನದೇ ಬೇರೊಂದು ಸ್ವಿಚ್ಚಿನಿಂದ ಮಚ್ಚೆ ಗಳಿಸಿದ್ದು ಕಂಡಿತು. ಬೈಯಾರ್ಮಿಪಿಸ್‌ನ ಸಂಬಂಧಿಗಳಾದ ಗುನುಂಗ್‌ಕೋಲ ಮತ್ತು ಮಿಮೆಟಿಕ ಎಂಬ 2 ಜಾತಿಗಳು ಅದೇ ಸ್ವಿಚ್ಚು ಕೆಟ್ಟು, ಒಂದರ ಹಂಗಿಲ್ಲದೆ ಇನ್ನೊಂದು, ಮಚ್ಚೆ ಕಳೆದುಕೊಂಡಿದ್ದವು.

ಬರಹದಲ್ಲಿ ದೊಡ್ಡ ಬದಲಾವಣೆಯಾದರೆ ಮೈಯಲ್ಲೂ ದೊಡ್ಡದಾಗುತ್ತದೆಯೇ ಎಂಬುದಕ್ಕೆ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲೇ ಇನ್ನೊಂದು ಅಂಕಿಯಿದೆ. ಎಚ್‌.ಎ. ರಂಗನಾಥ್‌ ಮತ್ತು ಸಹೋದ್ಯೋಗಿಗಳು ಅಲ್ಲಿ ಅಧ್ಯಯನ ಮಾಡಿದ ನಸೂಟ ನೊಣಕ್ಕೆ ವರ್ಣತಂತುಗಳು 8, ಅದರ ಸೋದರ ಅಲ್ಬೊಮೈಕನ್ಸ್‌ಗೆ 6. ಶೇ 25ರ ಕೊರತೆ. ಬಿಡಿಯಾಗಿದ್ದ ತಂತುಗಳು ಬೆಸೆದುಕೊಂಡ ಫಲ. ಆದರೂ ಕಣ್ಣಳತೆಯಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ, ಸೀಸೆಯಲ್ಲಿ ಒಟ್ಟಿಗೆ ಬಿಟ್ಟರೆ ಮರಿಯೂ ಆಗುತ್ತವೆ.

ಮೈಯ ರೂಪ ಬದಲಾದಾಗ ಹಣದ ಲೆಕ್ಕವೂ ಬದಲಾಗುತ್ತದೆ. ಬೈಯಾರ್ಮಿಪಿಸ್‌ನ ಹತ್ತಿರದ ಸಂಬಂಧಿ ಡ್ರೊಸೊಫಿಲ ಸುಜುಕಿಯ ಗಂಡಿಗೂ ರೆಕ್ಕೆಮಚ್ಚೆ ಇದೆ. ಹೆಣ್ಣಿನ ಮೊಟ್ಟೆಯಿಡುವ ಅಂಗ ಗರಗಸದಂತೆ ಹಲ್ಲು ಹಲ್ಲಾಗಿದ್ದು, ಕೊಳೆತ ಹಣ್ಣಿಗೆ ಕಾಯದೆ ಗಿಡದಲ್ಲಿ ಮಾಗುತ್ತಿರುವ ಹಣ್ಣನ್ನೇ ಕೊಯ್ದು ಮೊಟ್ಟೆಯಿಡುತ್ತದೆ. 2008ರಲ್ಲಿ ಇದು ಕ್ಯಾಲಿಫೋರ್ನಿಯದಲ್ಲಿ ಕಾಣಿಸಿಕೊಂಡಿತು. ಇಳುವರಿಯಲ್ಲಿ ಶೇ 20 ನಷ್ಟ ಹಿಡಿದರೆ, ಸ್ಟ್ರಾಬೆರಿ, ಚೆರಿ ಸೇರಿ 5 ಬೆಳೆಗಳಿಗೆ 3 ರಾಜ್ಯಗಳಲ್ಲಿ ವರ್ಷಕ್ಕೆ ಸುಮಾರು 51 ಕೋಟಿ ಡಾಲರ್‌ ಹೋಗಬಹುದು ಎಂದು 2010ರಲ್ಲಿ ಅಂದಾಜು ಮಾಡಿದ್ದರು. ಅಲ್ಲಿನ ಬೆಳೆಗಾರರು ತೋಟದಲ್ಲಿ ವಿನೆಗರ್‌ ಹಾಕಿದ ಡಬ್ಬಿ ಕಟ್ಟಿ, ಬಿದ್ದ ನೊಣಗಳನ್ನು ಎಣಿಸುತ್ತಾರೆ. ಗಂಡನ್ನು ರೆಕ್ಕೆಯ ಮಚ್ಚೆ ನೋಡಿ ಗುರುತಿಸಬಹುದು. ಹೆಣ್ಣಾದರೆ ಮಸೂರ ಹಿಡಿದು ಹಲ್ಲು ಹುಡುಕಬೇಕು.