ಕ್ಷುರವಿದ್ಯೆಯ ಮೊದಲ ಪಾಠ

ತಂದೆಯವರು ತೀರಿಕೊಂಡ ವರ್ಷ ಮನೆಯ ರೂಢಿಯಂತೆ ನಾನು ಗಡ್ಡ ಬಿಟ್ಟಿದ್ದೆ. ವರ್ಷ ತುಂಬುವ ವೇಳೆಗೆ ಅದು ನಾಲ್ಕು ಬೆರಳನ್ನೂ ಮೀರಿ ಇಳಿದಿತ್ತು. ಅವರ ಪೆಟ್ಟಿಗೆಯಲ್ಲಿ ಜರ್ಮನಿಯ ಝೋಲಿಂಗೆನ್ ಪಟ್ಟಣದ ಮುದ್ರೆಯಿದ್ದ ಮಡಿಸುವ ಕತ್ತಿಯೂ ಒಂದು ಚರ್ಮದ ಪಟ್ಟಿಯೂ ಉಳಿದಿದ್ದವು. ಊರೆಲ್ಲ ಬ್ಲೇಡಿಗೆ ಶರಣಾದ ಮೇಲೂ ಅವರು ಆ ಕತ್ತಿಯನ್ನು ಬಿಟ್ಟವರಲ್ಲ. ಈ ಗಡ್ಡವನ್ನು ಅದರಿಂದಲೇ ತೆಗೆಯಬೇಕೆಂಬ ಆಸೆ ನನ್ನಲ್ಲಿ ಹುಟ್ಟಿತು. ಬಾಲ್ಯದಿಂದ ದಿನವೂ ಕಂಡ ಕೆಲಸ, ಬಾರದೆ ಏನು ಎಂದುಕೊಂಡೆ. ನೋಡುವುದು ಬೇರೆ, ಮಾಡುವುದು ಬೇರೆ ಎಂದು ತರಗತಿಯಲ್ಲಿ ಹೇಳುವವನೂ ನಾನೇ!

ಸೋಪು ಬಳಿದು ಕತ್ತಿಯಿಟ್ಟೆ. ನೀಳ ಕೂದಲು ತುಂಡಾಗಲಿಲ್ಲ, ಬಾಗಿತು. ಅಲುಗಿನಡಿ ಮಲಗಿ ಬೇರನ್ನೇ ಎಳೆಯಿತು. ಕಣ್ಣಿನಲ್ಲಿ ನೀರಾಡಿತು. ಹಟದಿಂದ ಒತ್ತಿದೆ. ದವಡೆಯ ಬಳಿ ನೊರೆ ಕೆಂಪಾಯಿತು. ಮುಖಕ್ಕೆ ಟವೆಲು ಸುತ್ತಿ, ಕತ್ತಿಯನ್ನೂ ಪಟ್ಟಿಯನ್ನೂ ಹಿಡಿದು, ಬೀದಿಯ ಕೊನೆಯ ಕ್ಷೌರದಂಗಡಿಗೆ ನಡೆದೆ.

ಅಂಗಡಿಯ ಮುದುಕನನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಏಕವಚನದಲ್ಲಿಯೇ ಕರೆದು ಅಭ್ಯಾಸ. "ಇದನ್ನೊಂದಿಷ್ಟು ಸರಿಮಾಡಪ್ಪ" ಎಂದೆ. ಆತ ನಗಲಿಲ್ಲ. ಗಾಯಕ್ಕೆ ಪಟಿಕದ ಹರಳನ್ನು ಒತ್ತಿ, "ಮೇಷ್ಟ್ರೇ, ಉದ್ದ ಗಡ್ಡಕ್ಕೆ ಮೊದಲು ಕತ್ತರಿ. ಕತ್ತಿಯ ಸರದಿ ಆಮೇಲೆ" ಎಂದ.

ಕತ್ತರಿ ಗಡ್ಡವನ್ನು ಕುಯ್ದ ಗದ್ದೆಯ ಕೂಳೆಯಷ್ಟಕ್ಕೆ ಇಳಿಸಿತು. ಬಿಸಿನೀರಿನ ಬಟ್ಟೆ ಎರಡು ಮೂರು ನಿಮಿಷ ಮುಖದ ಮೇಲಿತ್ತು. ನೀರು ಹೀರಿದ ಕೂದಲು ಮೆತ್ತಗಾಗುತ್ತದೆ. ಪಟ್ಟಿಗೆ ತೀಡುವಾಗ ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ. ಕೆನ್ನೆಯ ಮೇಲೆ ಅಲುಗಿನ ಓರೆ ಸುಮಾರು 30 ಡಿಗ್ರಿ. ಎಡಗೈ ಚರ್ಮವನ್ನು ಬಿಗಿಹಿಡಿಯಬೇಕು, ಬಲಗೈ ಒತ್ತಬಾರದು. ಕೂದಲು ಬೆಳೆದ ದಿಕ್ಕಿನಲ್ಲಿಯೇ ಗಿಡ್ಡ ಗಿಡ್ಡ ಎಳೆತ. ರಕ್ತದಿಂದ ಹರಡುವ ರೋಗಗಳ ಭಯದಿಂದ ಆ ಅಂಗಡಿಯಲ್ಲಿ ಈಗ ಗಿರಾಕಿಗೊಂದು ಹೊಸ ಬ್ಲೇಡು. ಹಳೆಯ ಬಗೆಯ ಕತ್ತಿಯನ್ನು ಆತ ಹಿಡಿದು ಬಹುಕಾಲವಾಗಿತ್ತು. ಕೈ ಮಾತ್ರ ಮರೆತಿರಲಿಲ್ಲ.

ಉಕ್ಕಿಗಿಂತ ಕೂದಲು ಸುಮಾರು 50 ಪಾಲು ಮೆದು. ಆದರೂ ಬಾಗಿದ ಕೂದಲು ಅಲುಗಿನ ಅಂಚಿನಿಂದ ಸೂಕ್ಷ್ಮವಾದ ಚೂರುಗಳನ್ನು ಹಾರಿಸಬಲ್ಲದೆಂದು ಅಮೆರಿಕದ ಎಂಐಟಿಯ ವಿಜ್ಞಾನಿಗಳು 2020ರಲ್ಲಿ ತೋರಿಸಿಕೊಟ್ಟರು. ಬಾಗುವ ಕೂದಲಿನೊಡನೆ ಕತ್ತಿ ಹಟ ಹಿಡಿಯಬಾರದೆಂಬುದನ್ನು ಈ ಮುದುಕ ಕೈಯಿಂದಲೇ ಅರಿತಿದ್ದ. ಪ್ಯಾರಿಸಿನ ಕತ್ತಿ ತಯಾರಕ ಝಾನ್ ಝಾಕ್ ಪೆರೆ, ತನ್ನ ಮುಖವನ್ನು ತಾನೇ ಕ್ಷೌರ ಮಾಡಿಕೊಳ್ಳುವ ಕಲೆಯನ್ನು ಕುರಿತು 1769ರಲ್ಲಿ ಒಂದು ಪುಸ್ತಕವನ್ನೇ ಬರೆದ. ಪುಸ್ತಕ ಬೇಡುವಷ್ಟು ದೊಡ್ಡ ವಿದ್ಯೆಯನ್ನು ನಾನು ಒಂದು ಬೆಳಗಿನ ಆಟವೆಂದು ಬಗೆದಿದ್ದೆ.

ಈ ವೃತ್ತಿಯ ಹೆಸರನ್ನು ನಮ್ಮ ಜನ ಬೈಗುಳಾಗಿ ಬಳಸುವುದುಂಟು. ಎಳೆಯ ವಯಸ್ಸಿನಲ್ಲಿ ನಾನೂ ಬಳಸಿದ್ದೇನೆ. ಕೊರಳ ಮೇಲೆ ಕತ್ತಿ ಹಗುರಾಗಿ ಜಾರುತ್ತಿದ್ದಾಗ ಆ ನೆನಪು ಗಾಯಕ್ಕಿಂತ ಹೆಚ್ಚು ಉರಿಯಿತು. ಇಷ್ಟು ವರ್ಷ ನನ್ನ ಕೊರಳನ್ನು ಆ ಕೈಗೆ ಒಪ್ಪಿಸಿದ್ದೆ. ಒಂದು ಬಹುವಚನವನ್ನು ಒಪ್ಪಿಸಿರಲಿಲ್ಲ.

ಏಳುವಾಗ, "ನಿಮಗೆ ಎಷ್ಟು ಕೊಡಲಿ?" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಅಂಗಡಿಯ ದರವನ್ನೇ ಹೇಳಿದರು. ಬಳಿಕ ಕತ್ತಿಯನ್ನು ಒರೆಸಿ, ಮಡಿಸಿ, ನನ್ನ ಕೈಗಿತ್ತರು.

"ಒಣಗಿಸಿ ಇಡಿ ಮೇಷ್ಟ್ರೇ, ತುಕ್ಕು ಹಿಡಿದೀತು. ಮುಂದಿನ ಭಾನುವಾರ ಒಂದು ಕೆನ್ನೆ ನೀವೇ ಮಾಡಿಕೊಳ್ಳಿ, ನಾನು ನೋಡ್ತೇನೆ."