‘ಅರ್ಥವಾಯಿತೇ?’: ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳ ಚಿಕಿತ್ಸೆ ಮತ್ತು ಒಪ್ಪಿಗೆಯ ಪ್ರಶ್ನೆ

ಬಿ.ಇಡಿ. ತರಗತಿಯಲ್ಲಿ ‘ಲಿಂಗತ್ವ, ಶಾಲೆ ಮತ್ತು ಸಮಾಜ’ ವಿಷಯವನ್ನು ಬೋಧಿಸುವಾಗ ಪ್ರಶಿಕ್ಷಣಾರ್ಥಿಗಳಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಹುಟ್ಟಿದಾಗ ಗುರುತಿಸಿದ ಲಿಂಗ ತನ್ನದಲ್ಲ ಎಂದು ಹದಿನಾಲ್ಕರ ಮಗು ಹೇಳಿ, ವೈದ್ಯರ ನೆರವು ಬೇಕೆಂದರೆ ತೀರ್ಮಾನ ಯಾರದು? ‘ಎಷ್ಟು ವರ್ಷ ತುಂಬಿರಬೇಕು ಮೇಡಂ?’ ಎಂದೇ ಹೆಚ್ಚಿನವರು ಕೇಳುತ್ತಾರೆ. ವಯಸ್ಸಿಗಿಂತ ಮೊದಲು ನೋಡಬೇಕಾದ್ದು ಗ್ರಹಿಕೆಯನ್ನು ಎಂಬುದನ್ನು ವಿವರಿಸಲು ನಾನು ಬಳಸುವುದು ಇಂಗ್ಲೆಂಡಿನ ಎರಡು ಮೊಕದ್ದಮೆಗಳನ್ನು.

ಹದಿನಾರು ತುಂಬದವರಿಗೆ ಕೆಲವು ಸಂದರ್ಭಗಳಲ್ಲಿ ತಂದೆತಾಯಿಗೆ ತಿಳಿಸದೆಯೂ ವೈದ್ಯರು ಗರ್ಭನಿರೋಧಕ ಸಲಹೆ ನೀಡಬಹುದು ಎಂಬ ಸರ್ಕಾರಿ ಸುತ್ತೋಲೆಯನ್ನು ವಿಕ್ಟೋರಿಯಾ ಗಿಲಿಕ್ ಎಂಬ ತಾಯಿ ಪ್ರಶ್ನಿಸಿದ್ದರು. 1985ರಲ್ಲಿ ಹೌಸ್ ಆಫ್ ಲಾರ್ಡ್ಸ್ 3–2 ಬಹುಮತದಿಂದ ಅವರ ವಾದವನ್ನು ತಳ್ಳಿಹಾಕಿತು. ಎದುರಿಗಿರುವ ಚಿಕಿತ್ಸೆ ಏನು, ಅದರಿಂದ ಏನಾದೀತು ಎಂಬುದನ್ನು ಪೂರ್ತಿ ಗ್ರಹಿಸುವಷ್ಟು ತಿಳಿವಳಿಕೆ ಇರುವ ಮಗು ತಾನೇ ಒಪ್ಪಿಗೆ ಕೊಡಬಲ್ಲದು ಎಂಬುದು ತೀರ್ಪಿನ ಸಾರ. ಈ ಸಾಮರ್ಥ್ಯ ಒಂದೊಂದು ನಿರ್ಧಾರಕ್ಕೆ ಒಂದೊಂದು ಬಗೆ. ಮುರಿದ ಕೈಗೆ ಪಟ್ಟಿ ಹಾಕಿಸಿಕೊಳ್ಳಲು ಒಪ್ಪುವ ಮಗು, ಮುಂದೆ ಮಕ್ಕಳಾಗುವ ಸಾಧ್ಯತೆಗೆ ಧಕ್ಕೆ ತರಬಹುದಾದ ಔಷಧವನ್ನು ಅಷ್ಟೇ ಸುಲಭವಾಗಿ ತೂಗಿ ನೋಡಲಾರದು.

ಗ್ರಹಿಕೆಯನ್ನು ಅಳೆಯುವುದು ಹೇಗೆ? ಇಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ವೈದ್ಯರಿಗಿಂತ ಹಿಂದೆ ಬೀಳುವುದಿಲ್ಲ. ಪಾಠಾಭ್ಯಾಸದಲ್ಲಿ ‘ಅರ್ಥವಾಯಿತೇ?’ ಎಂದರೆ ಇಡೀ ತರಗತಿ ಒಕ್ಕೊರಲಿನಿಂದ ‘ಆಯ್ತು ಟೀಚರ್’ ಎನ್ನುತ್ತದೆ. ಅದು ಮೌಲ್ಯಮಾಪನವಲ್ಲ ಎಂದು ಅವಲೋಕನ ಪುಸ್ತಕದಲ್ಲಿ ಎಷ್ಟು ಸಲ ಬರೆದಿದ್ದೇನೋ! ವೈದ್ಯರೂ ಕೇಳಿಸಿಕೊಂಡದ್ದನ್ನು ರೋಗಿಯ ಬಾಯಲ್ಲೇ, ಅವರದೇ ಮಾತಿನಲ್ಲಿ ಮರಳಿ ಹೇಳಿಸುತ್ತಾರೆ. ಒಪ್ಪಿಗೆ ಪತ್ರದ ಮೇಲಿನ ಸಹಿಗಿಂತ ಈ ಮರುಹೇಳಿಕೆಗೆ ಬೆಲೆ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಇನ್ನು ಎರಡನೆಯ ಮೊಕದ್ದಮೆ. ಹರೆಯದ ದೈಹಿಕ ಬದಲಾವಣೆಗಳನ್ನು ತಡೆಹಿಡಿಯುವ ಔಷಧಗಳಿಗೆ ಪ್ಯೂಬರ್ಟಿ ಬ್ಲಾಕರ್ ಎನ್ನುತ್ತಾರೆ. ತೀರ ಎಳವೆಯಲ್ಲೇ ಹರೆಯ ಶುರುವಾಗುವ ಮಕ್ಕಳಿಗೆ ಇವು ದಶಕಗಳಿಂದ ಬಳಕೆಯಲ್ಲಿವೆ. ಹದಿಹರೆಯದಲ್ಲಿ ಲಿಂಗ ಬದಲಾವಣೆಯ ಚಿಕಿತ್ಸೆ ಪಡೆದು, ಮುಂದೆ ಅದರಿಂದ ಹಿಂದೆ ಸರಿದ ಕೀರಾ ಬೆಲ್ ಎಂಬ ಯುವತಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಹದಿಮೂರರೊಳಗಿನವರು ಈ ಔಷಧಕ್ಕೆ ಅರಿತು ಒಪ್ಪುವುದು ಅಸಂಭವವೆಂದೇ ಹೇಳಬೇಕು ಎಂದು 2020ರ ಡಿಸೆಂಬರಿನಲ್ಲಿ ಹೈಕೋರ್ಟ್ ಹೇಳಿತು. 2021ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿ, ಒಂದೊಂದು ಮಗುವನ್ನೂ ಕಂಡು ನಿರ್ಧರಿಸುವ ಹೊಣೆ ವೈದ್ಯರದೇ ಎಂದಿತು.

ಆದರೆ ವೈದ್ಯರಿಗೇ ಖಚಿತವಿಲ್ಲದ್ದನ್ನು ಮಗುವಿಗೆ ಹೇಗೆ ವಿವರಿಸುವುದು? ಈ ಔಷಧಗಳ ಪ್ರಯೋಜನಕ್ಕೆ ಇರುವ ಆಧಾರ ದುರ್ಬಲವೆಂದು ಮಕ್ಕಳ ವೈದ್ಯೆ ಹಿಲರಿ ಕ್ಯಾಸ್ ಅವರ ವರದಿ 2024ರ ಏಪ್ರಿಲ್‌ನಲ್ಲಿ ಹೇಳಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲಿ ಚಿಕಿತ್ಸೆಯ ಪರವಾದ ತನ್ನ ನಿಲುವನ್ನು ಉಳಿಸಿಕೊಂಡು, ಸಾಕ್ಷ್ಯವನ್ನು ಹೊಸದಾಗಿ ಪರಿಶೀಲಿಸಲೂ ನಿರ್ಧರಿಸಿತು. ಸುಮ್ಮನೆ ಕಾಯುವುದರಿಂದ ಹಾನಿಯಿಲ್ಲ ಎಂದುಕೊಳ್ಳುವಂತೆಯೂ ಇಲ್ಲ. ಒಡೆದ ಧ್ವನಿ ಮತ್ತೆ ಮೊದಲಿನಂತಾಗುವುದಿಲ್ಲ. ಹೀಗಿರುವಾಗ ‘ಇದು ನಮಗೂ ಪೂರ್ತಿ ತಿಳಿಯದು’ ಎಂದು ಹೇಳುವುದೂ ವಿವರಣೆಯ ಭಾಗವೇ.

ನಮ್ಮಲ್ಲಿ ಹದಿನೆಂಟು ತುಂಬದವರ ಚಿಕಿತ್ಸೆಗೆ ಸಾಮಾನ್ಯವಾಗಿ ಪೋಷಕರ ಸಹಿ ಬೇಕು. ಮಗುವಿನ ಮಾತಿಗೆ ಬೆಲೆ ಬಂದದ್ದು ಬೇರೊಂದು ದಾರಿಯಲ್ಲಿ. ಹುಟ್ಟುವಾಗಲೇ ದೇಹರಚನೆ ಗಂಡು ಅಥವಾ ಹೆಣ್ಣಿನ ಮಾದರಿಗೆ ಪೂರ್ತಿ ಹೊಂದದ ಅಂತರಲಿಂಗಿ ಶಿಶುಗಳಿಗೆ ‘ಸರಿಪಡಿಸುವ’ ಶಸ್ತ್ರಚಿಕಿತ್ಸೆ ಮಾಡುವುದನ್ನು ತಡೆಯಬೇಕೆಂದು ಮದ್ರಾಸ್ ಹೈಕೋರ್ಟ್ 2019ರಲ್ಲಿ ನಿರ್ದೇಶಿಸಿತು. ಜೀವಾಪಾಯದ ಸಂದರ್ಭ ಬಿಟ್ಟು ಉಳಿದಂತೆ ತಮಿಳುನಾಡು ಸರ್ಕಾರ ಅದೇ ವರ್ಷ ಅದನ್ನು ನಿಷೇಧಿಸಿತು. ಅಂತರಲಿಂಗಿ ಮಗು ಬೇರೆ, ಲಿಂಗತ್ವ ಅಲ್ಪಸಂಖ್ಯಾತ ಮಗು ಬೇರೆ; ಉತ್ತರ ಪತ್ರಿಕೆಗಳಲ್ಲಿ ಇವೆರಡನ್ನೂ ಕಲಸುವವರೇ ಹೆಚ್ಚು. ಒಂದೆಡೆ ಕೇಳದ ಮಗುವಿಗೆ ಕತ್ತರಿ, ಇನ್ನೊಂದೆಡೆ ಕೇಳುವ ಮಗುವಿಗೆ ‘ಇನ್ನೂ ಚಿಕ್ಕವನು’ ಎಂಬ ಉತ್ತರ. ಈ ವೈದೃಶ್ಯವನ್ನು ತರಗತಿಯಲ್ಲಿ ಚರ್ಚೆಗಿಟ್ಟರೆ ಒಂದು ಅವಧಿ ಸಾಲದು.

ಔಷಧದ ವಿಷಯ ಶಿಕ್ಷಕರ ಕೈಯಲ್ಲಿಲ್ಲ. ಆದರೆ ‘ನೀವೇ ಸ್ವಲ್ಪ ಬುದ್ಧಿ ಹೇಳಿ ಸರಿಮಾಡಿ ಸಾರ್’ ಎಂದು ಪೋಷಕರು ಬರುವುದು ಶಾಲೆಗೇ. ಲಿಂಗತ್ವವನ್ನು ಬದಲಿಸುವ ‘ಚಿಕಿತ್ಸೆ’ಯ ಯತ್ನಗಳನ್ನು ಮದ್ರಾಸ್ ಹೈಕೋರ್ಟ್ 2021ರಲ್ಲಿ ನಿಷೇಧಿಸಿತು, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿ ದುರ್ನಡತೆ ಎಂದು ಸಾರಿತು. ವೈದ್ಯರೇ ಮಾಡಬಾರದ್ದನ್ನು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಮಾಡುವಂತಿಲ್ಲ. ಮಗು ಹೇಳಿದ್ದನ್ನು ಸಿಬ್ಬಂದಿ ಕೊಠಡಿಗೆ ಒಯ್ಯದೆ, ಮನೆಗೆ ಯಾವಾಗ, ಯಾರು, ಹೇಗೆ ತಿಳಿಸಬೇಕೆಂದು ಮೊದಲು ಆ ಮಗುವನ್ನೇ ಕೇಳಿ. ಮನೆಯಲ್ಲಿ ಹೊಡೆತ ಬೀಳುವ ಭಯವಿದ್ದರೆ ಉತ್ತರ ಅಲ್ಲೇ ಸಿಗುತ್ತದೆ.