ಕಂದಾಚಾರದಿಂದ ಠಾಣೆಗೆ: ಮೈಸೂರಿನ ಪಡುವಣ ತಾಲ್ಲೂಕುಗಳ ಆರಕ್ಷಣ ವ್ಯವಸ್ಥೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳು ಮೈಸೂರು ಜಿಲ್ಲೆಯ ಪಡುವಣ ಭಾಗದಲ್ಲಿವೆ. ಒಂದು ಕಡೆ ಕಾವೇರಿಯ ಬಯಲು, ಇನ್ನೊಂದು ಕಡೆ ಕಾಕನಕೋಟೆಯ ದಟ್ಟವಾದ ಅಡವಿ, ಅದರಾಚೆಗೆ ಕೊಡಗು ಮತ್ತು ವಯನಾಡು. ಇಂತಹ ಗಡಿಸೀಮೆಯಲ್ಲಿ ಕಾವಲಿನ ಏರ್ಪಾಡು ಯಾವ ಯಾವ ರೂಪಗಳನ್ನು ತಾಳಿತೆಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಇಂದಿನ ಮಾತಿನಲ್ಲಿ ಕಂದಾಚಾರವೆಂದರೆ ಅರ್ಥವಿಲ್ಲದ ಆಚರಣೆ. ಹಿಂದಿನ ಮೈಸೂರಿನ ದಫ್ತರಗಳಲ್ಲಾದರೋ ಅದು ಒಂದು ಇಲಾಖೆಯ ಹೆಸರು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ದಿವಾನ್ ಪೂರ್ಣಯ್ಯನವರು ರಾಜ್ಯದ ಆಡಳಿತವನ್ನು ಹೊಸದಾಗಿ ಕಟ್ಟಿದಾಗ ಈ ಕಂದಾಚಾರದ ಪಡೆಯನ್ನು ಉಳಿಸಿಕೊಂಡರು. ಇದರ ಜವಾನರು ಪೂರ್ತಿಯಾಗಿ ಸೈನಿಕರೂ ಅಲ್ಲ, ಈಗಿನ ಅರ್ಥದ ಪೋಲೀಸಿನವರೂ ಅಲ್ಲ. ತಮ್ಮ ತಮ್ಮ ಗ್ರಾಮಗಳಲ್ಲಿಯೇ ನೆಲಸಿ, ಸಾಗುವಳಿ ಮಾಡಿಕೊಂಡು, ಸರ್ಕಾರದ ಕರೆ ಬಂದಾಗ ಕೋಟೆಯ ಕಾವಲಿಗೂ ಕಳ್ಳರನ್ನು ಹಿಡಿಯುವುದಕ್ಕೂ ಹೊರಡುತ್ತಿದ್ದರು. ಯುದ್ಧ ಮುಗಿದು ಕೆಲಸವಿಲ್ಲದೆ ಕುಳಿತ ಆಯುಧಪಾಣಿಗಳಿಗೆ ಅನ್ನಕ್ಕೆ ಒಂದು ದಾರಿಯನ್ನು ತೋರಿಸಿದರೆ ಅವರು ದರೋಡೆಗೆ ಇಳಿಯುವುದಿಲ್ಲವೆಂಬ ಮುಂದಾಲೋಚನೆಯೂ ಇದರಲ್ಲಿ ಇದ್ದಿತೆಂದು ನಮಗೆ ತೋರುತ್ತದೆ.

ಕಂದಾಚಾರದ ಜೊತೆಗೆ ಅಂಚೆಯನ್ನೂ ಸ್ಮರಿಸಬೇಕು. ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಈ ಸಂಸ್ಥೆ ಬರಿಯ ಓಲೆಗಳನ್ನು ಒಯ್ಯುತ್ತಿರಲಿಲ್ಲ. ಸೀಮೆಯ ಸುದ್ದಿಯನ್ನು ಅರಮನೆಗೆ ಮುಟ್ಟಿಸುವುದೂ ಅದರ ಕೆಲಸವಾಗಿದ್ದಿತು. ೧೮೮೯ರಲ್ಲಿ ಮೈಸೂರಿನ ಅಂಚೆಯು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು.

ಆದರೆ ರೈತನ ಕಣ್ಣಿಗೆ ಬೀಳುತ್ತಿದ್ದ ಆರಕ್ಷಕನು ಜವಾನನಿಗಿಂತ ಹೆಚ್ಚಾಗಿ ತಳವಾರನೇ ಆಗಿದ್ದನು. ಆಯಗಾರರ ಪೈಕಿ ಗೌಡ, ಶಾನುಭೋಗರ ಕೈಕೆಳಗೆ ತೋಟಿ, ತಳವಾರ, ನೀರುಗಂಟಿ ಇವರು ಊರಿನ ಸೇವಕರು. ಅಪರಾಧಗಳ ಸುಳಿವನ್ನು ಹಿಡಿಯುವುದು, ದಾರಿಹೋಕರನ್ನು ಮುಂದಿನ ಊರಿನ ವರೆಗೆ ಕಳುಹಿಸಿಕೊಡುವುದು ತಳವಾರನ ಪಾಲು. ಬೆಳೆಯ ಕಾವಲು, ಎಲ್ಲೆಯ ಕಾವಲು ತೋಟಿಯ ಪಾಲು. ಕಳವಾದ ಸೊತ್ತು ಸಿಕ್ಕದಿದ್ದರೆ ಕಾವಲುಗಾರನೇ ಅದನ್ನು ತುಂಬಿಕೊಡಬೇಕೆಂಬ, ಇಲ್ಲವೇ ಹೆಜ್ಜೆಯ ಜಾಡನ್ನು ನೆರೆಯೂರಿನ ಎಲ್ಲೆಗೆ ಮುಟ್ಟಿಸಬೇಕೆಂಬ ಕಟ್ಟು ದಕ್ಷಿಣ ದೇಶದ ಅನೇಕ ಕಡೆಗಳಲ್ಲಿ ಇದ್ದಿತು. ಈ ಕಟ್ಟಿನ ಗುಣವನ್ನು ಹೊಗಳುವವರುಂಟು. ಸುಗ್ಗಿಯಲ್ಲಿ ಸಿಕ್ಕುವ ಆಯವನ್ನೂ ಅಂಗೈಯಗಲದ ಇನಾಮು ಹೊಲವನ್ನೂ ನಂಬಿದವನು ಇತರರ ಒಡವೆಗೆ ಹೊಣೆಯಾಗಬೇಕಾಗಿದ್ದಿತೆಂಬುದನ್ನು ಅವರು ಮರೆಯುತ್ತಾರೆ. ಜಾತಿಯಿಂದಲೂ ಹುಟ್ಟಿನಿಂದಲೂ ಕೊರಳಿಗೆ ಬಿದ್ದ ಈ ಉದ್ಯೋಗವನ್ನು ಬಿಟ್ಟುಹೋಗುವುದು ಸುಲಭವಾಗಿರಲಿಲ್ಲ.

೧೮೩೧ರಲ್ಲಿ ರಾಜ್ಯಾಡಳಿತವು ಬ್ರಿಟಿಷ್ ಕಮಿಷನಿನ ವಶವಾಯಿತು. ಮಾರ್ಕ್ ಕಬ್ಬನ್ನರ ದೀರ್ಘವಾದ ಅಧಿಕಾರಾವಧಿಯಲ್ಲಿ ಫೌಜುದಾರಿಗಳ ಸ್ಥಾನದಲ್ಲಿ ನಾಲ್ಕು ವಿಭಾಗಗಳಾದುವು. ಮೈಸೂರು ಸೀಮೆ ಅಷ್ಟಗ್ರಾಮ ವಿಭಾಗಕ್ಕೆ ಸೇರಿತು. ತಾಲ್ಲೂಕಿನಲ್ಲಿ ಅಮಲ್ದಾರನು ಕಂದಾಯವನ್ನು ಎತ್ತುವವನೂ ಅಹುದು, ಅಪರಾಧವನ್ನು ವಿಚಾರಿಸುವವನೂ ಅಹುದು. ಇಂಡಿಯಾದ ಪೋಲೀಸು ಶಾಸನವು ೧೮೬೧ರಲ್ಲಿ ಹುಟ್ಟಿ, ಕಂದಾಯದಿಂದಲೂ ಸೈನ್ಯದಿಂದಲೂ ಬೇರೆಯಾದ ಪಡೆಯೊಂದು ಇರಬೇಕೆಂಬ ತತ್ತ್ವವು ಬಲಿಯಿತು. ೧೮೮೧ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಮರಳಿ ಬಂದ ಬಳಿಕ, ೧೮೮೫ರಲ್ಲಿ, ಎಲ್. ರಿಕೆಟ್ಸ್ ಎಂಬವರು ಮೈಸೂರಿನ ಪೋಲೀಸು ಇನ್ಸ್‌ಪೆಕ್ಟರ್ ಜನರಲ್ ಆಗಿ ನೇಮಕಗೊಂಡರು. ಮುಂದೆ ದಿವಾನರಾದ ವಿ. ಪಿ. ಮಾಧವರಾಯರೂ ಈ ಪದವಿಯಲ್ಲಿ ಇದ್ದವರೇ. ೧೯೦೮ರ ಮೈಸೂರು ಪೋಲೀಸು ಶಾಸನವು ೧೯೬೩ರ ಶಾಸನವು ಬರುವ ವರೆಗೂ ನಡೆಯಿತು.

ಗಡಿಯ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತರಿಸಬೇಕು. ಹೆಗ್ಗಡದೇವನಕೋಟೆಯ ಕಾಡಿನ ಅಂಚಿನಲ್ಲಿ ನಿಂತವನಿಗೆ ಮೂರು ಪ್ರಭುತ್ವಗಳು ಹತ್ತಿರ: ಒಡೆಯರ ಮೈಸೂರು, ಚೀಫ್ ಕಮಿಷನರರ ಕೊಡಗು, ಮದರಾಸಿನ ಮಲಬಾರಿಗೆ ಸೇರಿದ ವಯನಾಡು. ಕೊಡಗಿನಲ್ಲಿ ಜಮ್ಮಾ ಹಿಡುವಳಿದಾರರೇ ಸರ್ಕಾರದ ಕರೆಗೆ ಪೋಲೀಸು ಸೇವೆಯನ್ನು ಸಲ್ಲಿಸಬೇಕಾಗಿದ್ದಿತು. ಹೊಳೆಯ ಈಚೆಗೆ ಪಿರಿಯಾಪಟ್ಟಣದಲ್ಲಿ ಸಂಬಳದ ಪೇದೆ. ದನವನ್ನು ಹೊಡೆದುಕೊಂಡು ಒಂದು ರಾತ್ರಿ ನಡೆದವನು ಬೇರೊಂದು ರಾಜ್ಯದಲ್ಲಿರುತ್ತಿದ್ದನು. ಅವನನ್ನು ತರಿಸಿಕೊಳ್ಳುವುದು ಠಾಣೆಯ ಕೆಲಸವಾಗಿ ಉಳಿಯದೆ ಎರಡು ಸರ್ಕಾರಗಳ ಪತ್ರವ್ಯವಹಾರವಾಗುತ್ತಿದ್ದಿತು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಡಗು ಮೈಸೂರಿನೊಡನೆ ಕೂಡಿ ಒಂದು ಗಡಿ ಅಳಿಯಿತು; ವಯನಾಡು ಕೇರಳಕ್ಕೆ ಸೇರಿ ಇನ್ನೊಂದು ಉಳಿಯಿತು.

ಗ್ರಾಮದೊಳಗಿನ ಮಾರ್ಪಾಟು ಇದಕ್ಕಿಂತ ದೊಡ್ಡದು. ೧೯೬೧ರ ಗ್ರಾಮೋದ್ಯೋಗಗಳ ರದ್ದಿಯಾತಿ ಶಾಸನವು ೧೯೬೩ನೆಯ ಫೆಬ್ರವರಿ ೧ರಿಂದ ಜಾರಿಗೆ ಬಂದು, ಪಟೇಲ, ಶಾನುಭೋಗ, ತೋಟಿ, ತಳವಾರ ಮೊದಲಾದವರ ವಂಶಪಾರಂಪರ್ಯದ ಅಧಿಕಾರಗಳನ್ನು ಕೊನೆಗಾಣಿಸಿತು. ಉದ್ಯೋಗಕ್ಕೆ ಹೊಂದಿದ್ದ ಜಮೀನನ್ನು ಅದನ್ನು ನಡಸುತ್ತಿದ್ದವರಿಗೆ ಮರುಮಂಜೂರಿ ಮಾಡುವುದಕ್ಕೂ ಅದರಲ್ಲಿ ಅವಕಾಶವಿದ್ದಿತು. ತೋಟಿಯ ಮಗನಿಗೆ ಇದು ಬಿಡುಗಡೆಯೇ ಸರಿ. ಪೋಲೀಸಿನವರಿಗಾದರೋ ಹಳ್ಳಿಯ ಕಿವಿಯೊಂದು ಮುಚ್ಚಿಹೋಯಿತು. ೧೯೬೪ರ ಗ್ರಾಮರಕ್ಷಣಾ ದಳಗಳ ಶಾಸನವು ಊರಿನವರನ್ನೇ ಕಾವಲಿಗೆ ಸೇರಿಸಿಕೊಳ್ಳುವುದಕ್ಕೆ ದಾರಿಮಾಡಿತು. ಆದರೂ ಇಷ್ಟಪಟ್ಟು ಬಂದು ಬೇಡವೆನಿಸಿದಾಗ ಬಿಡುವ ದಳಕ್ಕೂ ಎಲ್ಲೆಯ ಪ್ರತಿಯೊಂದು ಮರವನ್ನು ಬಲ್ಲ ತಳವಾರನಿಗೂ ಅಂತರವು ಬಹಳ.

ಈಚಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಬಹುದು. ಈ ತಾಲ್ಲೂಕುಗಳು ಹುಣಸೂರು ಉಪವಿಭಾಗವಾಗಿ ಒಬ್ಬ ಉಪಾಧೀಕ್ಷಕರ ಕೈಕೆಳಗೆ ಸೇರಿದುವು; ತಾಲ್ಲೂಕಿನ ಮುಖ್ಯ ಪಟ್ಟಣಗಳಲ್ಲದೆ ಬಿಳಿಕೆರೆ, ಬೆಟ್ಟದಪುರ, ಬೈಲಕುಪ್ಪೆ, ಸಾಲಿಗ್ರಾಮ, ಸರಗೂರು, ಅಂತರಸಂತೆ ಇವುಗಳಲ್ಲಿಯೂ ಠಾಣೆಗಳಾದುವು. ಒಂದೊಂದು ಸ್ಥಳದ ಭಾರ ಒಂದೊಂದು ತೆರ. ಬೈಲಕುಪ್ಪೆಯಲ್ಲಿ ೧೯೬೦ರ ಸುಮಾರಿಗೆ ನೆಲೆಗೊಂಡ ಟಿಬೆಟ್ಟಿನ ನಿರಾಶ್ರಿತರು ವಿದೇಶೀಯರ ನೋಂದಣಿಯೆಂಬ, ಹಳ್ಳಿಯ ಠಾಣೆಗೆ ಅಪರಿಚಿತವಾದ ಕೆಲಸವನ್ನು ಒದಗಿಸಿದರು. ನಾಗರಹೊಳೆಯ ಅಂಚಿನಲ್ಲಿ ಅರಣ್ಯ ಇಲಾಖೆಯ ಕಾವಲುಗಾರನಿಗೂ ಮೊಕದ್ದಮೆ ಹೂಡುವ ಅಧಿಕಾರವಿರುವುದರಿಂದ, ಜೇನು ಕುರುಬರ ಹಾಡಿಯವನಿಗೆ ಸರ್ಕಾರದ ಕಾಕಿಬಟ್ಟೆ ಎರಡು ಬಗೆಯಾಗಿ ಕಾಣುತ್ತದೆ. ಸೌದೆಗೆಂದೋ ಜೇನಿಗೆಂದೋ ಕಾಡನ್ನು ಹೊಕ್ಕವನಿಗೆ ಎದುರಾಗುವುದು ಬಹುತೇಕ ಎರಡನೆಯದೇ.